ಒಳಗೆ ಯಾರಾದರೂ ಇದ್ದೀರಾ

ಕೊನೆಯ ಕೆಲವು ವರ್ಷ ನಾನು ಮಾಡಿದ್ದು ಗಾಡಿ ಬಿಚ್ಚುವ ಕೆಲಸ. ಹೀಗೆಂದರೆ ನಮ್ಮವರು ಗುಜರಿ ಅಂದುಕೊಳ್ಳುತ್ತಾರೆ. ಗುಜರಿಗೆ ಹೋಗುವುದು ಸತ್ತ ಗಾಡಿ. ನಮ್ಮ ಶೆಡ್ಡಿಗೆ ಬರುತ್ತಿದ್ದುದು ಹೊಚ್ಚ ಹೊಸದು, ಸೀಟಿನ ಮೇಲಿನ ಪ್ಲಾಸ್ಟಿಕ್ಕನ್ನು ಕೂಡ ತೆಗೆದಿರುತ್ತಿರಲಿಲ್ಲ. ಅದನ್ನು ಕೆಲವು ತಿಂಗಳು ಓಡಿಸಿ, ಕೂತು, ಮಲಗಿ, ಸಾಮಾನು ತುಂಬಿ ನೋಡುತ್ತಿದ್ದೆವು. ಆಮೇಲೆ ಒಂದೊಂದೇ ಭಾಗ ಬಿಚ್ಚಿ, ತೂಕ ಹಾಕಿ, ಫೋಟೊ ತೆಗೆದು, ಬಿಳಿ ಗೆರೆ ಎಳೆದ ನೆಲದ ಮೇಲೆ ಸಾಲಾಗಿ ಇಡುತ್ತಿದ್ದೆವು. ಬೇರೆಯವರು ಗಾಡಿ ಹೇಗೆ ಕಟ್ಟಿದ್ದಾರೆಂದು ತಿಳಿಯಲು ಇಲ್ಲಿನ, ಅಂದರೆ ಅಮೆರಿಕದ, ಕಾರು ಕಂಪನಿಗಳವರು ಬಂದು ಆ ಸಾಲುಗಳ ನಡುವೆ ಕೈಕಟ್ಟಿಕೊಂಡು ಓಡಾಡುತ್ತಿದ್ದರು. ಮಣ್ಣಿಗೆ ಬಂದವರ ಹಾಗೆ ನಡೆಯುತ್ತಿದ್ದರು.

ಶೆಡ್ಡು ಇದ್ದದ್ದು ಸೌತ್ ಕ್ಯಾರೊಲಿನಾದಲ್ಲಿ, ಗ್ರೀನ್‌ವಿಲ್‌ನಿಂದ ಸ್ವಲ್ಪ ಆಚೆ. ಈಗ ನಿವೃತ್ತನಾಗಿ ಅಟ್ಲಾಂಟಾ ಹತ್ತಿರದ ಜಾನ್ಸ್ ಕ್ರೀಕ್‌ನಲ್ಲಿ ಮಗಳು ಚೈತ್ರಳ ಮನೆಯಲ್ಲಿದ್ದೇನೆ. ಶೆಡ್ಡಿನಲ್ಲಿ ನನ್ನ ಜೊತೆ ಇದ್ದ ಫರ್ಹಾನ್ ಹೋದ ತಿಂಗಳು ಫೋನ್ ಮಾಡಿದ್ದ. ಅವನು ಮೈಸೂರಿನ ಮಂಡಿ ಮೊಹಲ್ಲಾದವನು, ಎಲೆಕ್ಟ್ರಾನಿಕ್ಸ್ ಎಂಜಿನಿಯರ್.

"ಅಂಕಲ್, ನಮ್ಮ ಕಡೆಯವರೇ ಮೂರು ಜನ ಜಾಯಿನ್ ಆಗ್ತಿದಾರೆ. ಮ್ಯಾನ್ಯುಯಲ್ ಎಲ್ಲಾ ನಾನು ಕೊಡ್ತೀನಿ. ಮ್ಯಾನ್ಯುಯಲ್‌ನಲ್ಲಿ ಇಲ್ಲದ್ದನ್ನ ನೀವು ಬರೆದುಕೊಡಿ."

"ಯಾವುದು?"

"ನಿಮಗೆ ಗೊತ್ತು, ಅಂಕಲ್."

ಗೊತ್ತು. ಅಲ್ಲಿಗೆ ಬರುತ್ತೇನೆ. ಮೊದಲು ಕೆಲಸದ ವಿಷಯ ಹೇಳಬೇಕು.

ನಾನು ಮೈಸೂರಿನಲ್ಲಿ ಐಟಿಐ ಮುಗಿಸಿ, ಬಸ್ಸಿಗೆ ಬಾಡಿ ಕಟ್ಟುವಲ್ಲಿ ಸೀಟು, ಚಾವಣಿ, ಒಳಗಿನ ಹೊದಿಕೆಯ ಕೆಲಸ ಕಲಿತವನು. ಇಲ್ಲಿಯೂ ನನ್ನದು ಗಾಡಿಯ ಒಳಗಿನ ಕೆಲಸವೇ. ನಮ್ಮ ಮೇಲಿನವಳು ಕ್ಯಾರಲ್. ಇದೇ ಕ್ಯಾರೊಲಿನಾದವಳು, ಕಾರ್ಖಾನೆಯ ಸಾಲಿನಲ್ಲಿ ನಿಂತು ಬಾಗಿಲು ಜೋಡಿಸಿ ಮೇಲೆ ಬಂದವಳು. ಪುಟ್ಟಸ್ವಾಮಿ ಎಂಬ ನನ್ನ ಹೆಸರಿನ ಮೊದಲರ್ಧ ಅವಳ ಬಾಯಿಗೆ ಬಾರದೆ, ಮೊದಲ ದಿನದಿಂದಲೇ 'ಸ್ವಾಮಿ' ಎಂದಳು. ಮನೆಯಲ್ಲಿ ಹೇಳಿದಾಗ ಪದ್ಮ ಬಟ್ಟೆ ಹೊಲಿಯುವುದನ್ನು ಬಿಟ್ಟು ನಕ್ಕಳು.

"ಆಯಮ್ಮ ಸ್ವಾಮೀ ಅಂತಾಳಾ? ಮೂವತ್ತೈದು ವರ್ಷ ಸಂಸಾರ ಮಾಡಿದ ನಾನೇ ಅಂದಿಲ್ಲವಲ್ರೀ!"

ಪದ್ಮ ನನ್ನ ಹೆಂಡತಿ. ಅವಳು ನನ್ನ ಹೆಸರು ಹಿಡಿದು ಕರೆದವಳಲ್ಲ. "ಏನೂಂದ್ರೆ" ಎನ್ನುತ್ತಿದ್ದಳು, ಕೊನೆಯ ಅಕ್ಷರವನ್ನು ಸ್ವಲ್ಪ ಎಳೆದು. ನಾನು ತಡವಾಗಿ ಓಗೊಡುವವನು. "ಏನು?" ಎಂದರೆ ಅರ್ಧಕ್ಕರ್ಧ ಸಲ ಏನೂ ಇರುತ್ತಿರಲಿಲ್ಲ. "ಏನಿಲ್ಲ, ಇದೀರಾ ಅಂತ ನೋಡ್ದೆ" ಎನ್ನುತ್ತಿದ್ದಳು. ಅಡಿಗೆಮನೆಯಿಂದ ಕರೆದು, ನಾನು ಹಜಾರದಲ್ಲಿ ಇದ್ದೇನೆಂದು ತಿಳಿದುಕೊಂಡು, ಮತ್ತೆ ತನ್ನ ಕೆಲಸಕ್ಕೆ ಹೋಗುತ್ತಿದ್ದಳು.

ಕ್ಯಾರಲ್ ಮೊದಲ ದಿನವೇ ಕಲಿಸಿದ ನಿಯಮ ಒಂದಿತ್ತು. ಬಿಚ್ಚುವ ಮೊದಲು ಗಾಡಿಯ ಚಿಕ್ಕ ಬ್ಯಾಟರಿಯ ಮೈನಸ್ ತಂತಿ ತೆಗೆಯಬೇಕು. ತೆಗೆದ ಕೂಡಲೆ ಸೀಟು, ಬಾಗಿಲು, ದೀಪ ಎಲ್ಲ ಇದ್ದಲ್ಲೇ ನಿಲ್ಲುತ್ತವೆ. ಸೀಟಿನ ಕೆಳಗೆ ಯಾರದೋ ಕೈ ಇದ್ದರೆ, ಹಿಂದೆ ಯಾರೋ ಮಲಗಿ ಸ್ಕ್ರೂ ಬಿಚ್ಚುತ್ತಿದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ಆದ್ದರಿಂದ ಎಲ್ಲ ಬಾಗಿಲು ತೆರೆದು ಗಟ್ಟಿಯಾಗಿ ಕೂಗಬೇಕು: ಒಳಗೆ ಯಾರಾದರೂ ಇದ್ದೀರಾ? ಕಾಯಬೇಕು. ಉತ್ತರ ಬರದಿದ್ದರೆ ಮಾತ್ರ ತಂತಿ ತೆಗೆಯಬೇಕು. ಖಾಲಿ ಎಂದು ಕಣ್ಣಿಗೆ ಕಾಣುತ್ತಿದ್ದರೂ ಕೂಗಲೇಬೇಕು. ಒಮ್ಮೆ ಒಬ್ಬ ಕೂಗದೆ ತೆಗೆದ. ಗಾಡಿಯಲ್ಲಿ ಯಾರೂ ಇರಲಿಲ್ಲ. ಆದರೂ ಕ್ಯಾರಲ್ ಅವನನ್ನು ಅವತ್ತೇ ಮನೆಗೆ ಕಳಿಸಿದಳು.

ನನಗೆ ಮೊದಮೊದಲು ಖಾಲಿ ಗಾಡಿಯೊಳಗೆ ತಲೆ ಹಾಕಿ ಹೀಗೆ ಕೂಗುವುದು ಒಂಥರಾ ಆಗುತ್ತಿತ್ತು. ಕೂಗಿದ ಮೇಲೆ ಕಾಯುವ ಆ ಒಂದು ಗಳಿಗೆ ಇನ್ನೂ ಒಂಥರಾ.

ಕೊರೋನಾ ಬಂದ ವರ್ಷ, ಎಲ್ಲರೂ ಮುಖ ಮುಚ್ಚಿಕೊಂಡಿದ್ದಾಗ, ಚೀನಾದಿಂದ ಮೊದಲ ವ್ಯಾನು ಬಂತು. ಸಣ್ಣ ವ್ಯಾನುಗಳಿಗೆ, ಮನೆಮಂದಿಯ ಗಾಡಿಗಳಿಗೆ ಹೆಸರಾದ ಕಂಪನಿಯದು. ಇವು ಅಮೆರಿಕದಲ್ಲಿ ಮಾರಾಟಕ್ಕಿಲ್ಲ. ಪರೀಕ್ಷೆಗೆಂದು ವಿಶೇಷ ಅನುಮತಿ ಪಡೆದು ತರಿಸುತ್ತಿದ್ದೆವು. ಅನುಮತಿ ಮುಗಿಯುವುದರೊಳಗೆ ಗಾಡಿಯನ್ನು ಇಲ್ಲವಾಗಿಸಬೇಕು. ಯಾರಿಗೂ ಮಾರುವ ಹಾಗಿಲ್ಲ, ಕೊಡುವ ಹಾಗಿಲ್ಲ. ಮೊದಲು ಬಂದದ್ದು ನಮ್ಮ ಊರಿನ ಓಮ್ನಿಯ ಅಣ್ಣನಂತಿತ್ತು. ಚಪ್ಪಟೆ ಮೂತಿ, ತೆಳ್ಳನೆ ಬಾಗಿಲು. ಅಲ್ಲಿನವರು ಇದನ್ನು ಬ್ರೆಡ್ಡು ಗಾಡಿ ಎನ್ನುತ್ತಾರಂತೆ. ಒಂದೇ ಗಾಡಿಯಲ್ಲಿ ಬೆಳಿಗ್ಗೆ ಹಂದಿ ಸಾಗಿಸಿ, ಸಂಜೆ ತೊಳೆದು, ಮದುವೆಗೆ ಹೋಗುತ್ತಾರಂತೆ. ಆ ಗಾಡಿಯನ್ನು ನೋಡಿ ಇಲ್ಲಿನ ಎಂಜಿನಿಯರುಗಳು ನಕ್ಕರು. ಬಿಚ್ಚಲು ಶುರು ಮಾಡಿದ ಮೇಲೆ ನಗು ನಿಂತಿತು. ಬೇರೆಯವರು ನಾಲ್ಕು ಭಾಗ ಸೇರಿಸಿ ಮಾಡುವುದನ್ನು ಅವರು ಒಂದರಲ್ಲೇ ಮಾಡಿದ್ದರು.

ಆ ವ್ಯಾನಿಗೆ ಸಂಬಂಧಿಸಿದ್ದೇ ನನ್ನ ದೊಡ್ಡ ಎಡವಟ್ಟು. ಆಯುಧ ಪೂಜೆಯ ದಿನ ಅಭ್ಯಾಸಬಲದಿಂದ ಬೇಗ ಹೋಗಿ ನನ್ನ ಉಪಕರಣಗಳಿಗೆ ಅರಿಶಿನ ಕುಂಕುಮ ಇಟ್ಟೆ. ಪಕ್ಕದಲ್ಲಿ ಹೊಸ ಗಾಡಿ ನಿಂತಿತ್ತು. ಅದನ್ನೊಂದೇ ಬಿಡುವುದು ಹೇಗೆ ಅನಿಸಿ, ಬಂಪರಿನ ಕೆಳಗೆ ಕಾಣದ ಹಾಗೆ ಒಂದು ಬೊಟ್ಟು ಇಟ್ಟೆ. ಎರಡು ವಾರದ ಮೇಲೆ ಬಣ್ಣ ಪರೀಕ್ಷೆ ಮಾಡುವವರ ವರದಿ ಬಂತು. ತಯಾರಕರು ಮುಂಭಾಗದಲ್ಲಿ ಕೆಂಪು ಬಣ್ಣದ ತಪಾಸಣೆ ಗುರುತು ಹಾಕಿದ್ದಾರೆ, ಅದು ಸಸ್ಯಮೂಲದ್ದು, ಉದ್ದೇಶ ತಿಳಿದಿಲ್ಲ ಎಂದು ಬರೆದಿದ್ದರು. ಹಣ ಕೊಟ್ಟು ಪರೀಕ್ಷೆ ಮಾಡಿಸಿದವರು ಆ ಗುರುತಿನ ಬಗ್ಗೆ ಇನ್ನಷ್ಟು ಮಾಹಿತಿ ಕೇಳಿದರು.

ಕ್ಯಾರಲ್ ನನ್ನ ಹಣೆಯ ಕುಂಕುಮವನ್ನೂ ವರದಿಯ ಫೋಟೊವನ್ನೂ ನೋಡಿದಳು. "ಸ್ವಾಮಿ, ಇದರ ಉದ್ದೇಶ ನಿನಗೆ ತಿಳಿದಿರಬಹುದಾ?"

ಹೇಳಿದೆ. ಅವಳು ಬಹಳ ಹೊತ್ತು ಮುಖ ಮುಚ್ಚಿಕೊಂಡು ನಕ್ಕಳು. ಮನೆಗೆ ಬಂದು ಹೇಳಿದರೆ ಪದ್ಮ ನಗಲಿಲ್ಲ.

"ಕೊಲ್ಲೋ ಗಾಡಿಗೆ ಪೂಜೆ ಮಾಡಬಾರದು ರೀ."

"ಯಾಕೆ?"

"ಪೂಜೆ ಮಾಡಿದ್ಮೇಲೆ ಅದು ನಮ್ಮದಲ್ವಾ? ನಮ್ಮದು ಅಂದ್ಮೇಲೆ ಉಳಿಸ್ಕೋಬೇಕು."

ಇನ್ನೊಂದು ಮಾತು. ಹೊಸದಾಗಿ ಬಿಚ್ಚುವವರು ತಿಳಿದಿರಬೇಕಾದದ್ದು. ಕ್ಲಿಪ್ಪು ತೆಗೆಯುವಾಗ ಕಣ್ಣಿಗಿಂತ ಕಿವಿಗೆ ಕೆಲಸ ಕೊಡಿ. ಪಟ್ ಎಂದರೆ ಬಿಟ್ಟುಕೊಂಡಿತು, ಟಕ್ ಎಂದರೆ ಮುರಿಯಿತು. ಮತ್ತೆ, ಯಾವ ಗಾಡಿಯೂ ಒಳಗೆ ಪೂರ್ತಿ ಖಾಲಿ ಇರುವುದಿಲ್ಲ. ಚಾವಣಿಯ ಹೊದಿಕೆ ಇಳಿಸಿದರೆ ಅಂಟಿನಲ್ಲಿ ಯಾರದೋ ಹೆಬ್ಬೆರಳಿನ ಗುರುತು ಇರುತ್ತದೆ. ಒಮ್ಮೆ ಬಾಗಿಲಿನ ಒಳಗೆ, ಅಂಟಿನ ಪದರದಡಿಯಲ್ಲಿ, ಉದ್ದನೆಯ ಕಪ್ಪು ಕೂದಲು ಸಿಕ್ಕಿತ್ತು. ಎಳೆದರೆ ಬರುತ್ತಲೇ ಇತ್ತು. ಯಾವಳೋ ಹೆಣ್ಣುಮಗಳು, ಸಾವಿರಾರು ಮೈಲಿ ಆಚೆ, ಬಾಗಿ ಕೆಲಸ ಮಾಡುವಾಗ ಉದುರಿದ್ದು. ತೂಕದ ಲೆಕ್ಕದಲ್ಲಿ ಅದನ್ನು ಹಿಡಿಯಬೇಕೋ ಬೇಡವೋ ಎಂದು ನನ್ನ ಪಕ್ಕದವನು ತಮಾಷೆ ಮಾಡಿದ. ನಾನು ಅದನ್ನು ಸುತ್ತಿ ಅಲ್ಲೇ ಒಳಗೆ ಇಟ್ಟೆ.

ಮುಂದಿನ ವರ್ಷ ಅದೇ ಕಂಪನಿಯ ಸಂಸಾರದ ಗಾಡಿ ಬಂತು. ಮೂರು ಸಾಲು ಸೀಟು, ಎರಡೂ ಕಡೆ ತಾನಾಗಿ ಸರಿಯುವ ಬಾಗಿಲು, ಒಳಗೆ ಹಾಲಿನ ಬಣ್ಣದ ಹೊದಿಕೆ. ಇದನ್ನು ಪರೀಕ್ಷಿಸಲು ಸಂಸಾರಗಳೇ ಬೇಕು ಎಂದು ಕ್ಯಾರಲ್ ಕೆಲಸಗಾರರ ಮನೆಯವರನ್ನು ಕರೆಸಿದಳು. ಶೆಡ್ಡಿನ ಹಿಂದೆ ನಮ್ಮದೇ ಒಂದು ಸುತ್ತು ರಸ್ತೆ ಇತ್ತು. ಅದರಲ್ಲಿ ಎಲ್ಲರನ್ನೂ ಕೂರಿಸಿ ಸುತ್ತಿಸುವುದು, ಆಮೇಲೆ ಅವರು ಹೇಳಿದ್ದನ್ನು ಬರೆದುಕೊಳ್ಳುವುದು.

ಪದ್ಮಳಿಗೆ ಕಾರೆಂದರೆ ವಾಕರಿಕೆ. ಮೈಸೂರಿನಿಂದ ನಂಜನಗೂಡಿಗೆ ಹೋದರೂ ಕೈಯಲ್ಲಿ ನಿಂಬೆಹಣ್ಣು ಹಿಡಿದು ಮೂಸುತ್ತ ಕೂರುವವಳು. ಊರು ಬಂದ ಮೇಲೂ ತಕ್ಷಣ ಇಳಿಯುತ್ತಿರಲಿಲ್ಲ. ಕಣ್ಣು ಮುಚ್ಚಿ ಕೂತಿರುತ್ತಿದ್ದಳು. ನಾನು ಬಾಗಿಲು ತೆರೆದು ಕೈ ಚಾಚಿ ನಿಂತಿರಬೇಕು. "ಇಳೀತೀಯಾ?" ಎಂದರೆ "ಇರಿ, ಸ್ವಲ್ಪ ಇರಿ" ಎನ್ನುವಳು. ಹೊಟ್ಟೆ ತಿಳಿಯಾದ ಮೇಲೆ ತಾನಾಗಿ ನನ್ನ ಕೈ ಹಿಡಿದು ಇಳಿಯುವಳು. ಇದನ್ನು ಕೇಳಿ ಕ್ಯಾರಲ್‌ಗೆ ಖುಷಿಯೋ ಖುಷಿ. ಇಂಥವರೇ ಬೇಕು, ಹಿಂದಿನ ಸಾಲಿನಲ್ಲಿ ಕೂರಿಸಿ ಎಂದಳು. ಹೀಗೆ ಪದ್ಮ ಮೂರನೇ ಸಾಲಿನ ಎಡಗಡೆ ಸೀಟಿನವಳಾದಳು. ಶನಿವಾರ ಬಂದರೆ ಟಿಫನ್ ಕ್ಯಾರಿಯರ್ ಹಿಡಿದು ಹೊರಡುವಳು. ಎಲ್ಲರಿಗೂ ಪುಳಿಯೋಗರೆ. ಮೊದಲ ದಿನ ಕೂತ ಕೂಡಲೆ ಸೀಟಿನ ಹೊಲಿಗೆಯ ಮೇಲೆ ಬೆರಳಾಡಿಸಿದಳು.

"ಇದನ್ನ ಹೊಲಿದವಳು ಎಡಚಿ ಕಣ್ರೀ. ಗಂಟು ನೋಡಿ, ಈ ಕಡೆಗೆ ತಿರುಗಿದೆ."

ಆ ಗಾಡಿ ಮಾತಾಡುತ್ತಿತ್ತು. ಕರೆದರೆ ಹೆಣ್ಣು ದನಿಯಲ್ಲಿ "ವೊ ಝಾಯ್" ಎನ್ನುತ್ತಿತ್ತು. ಇಲ್ಲಿದ್ದೇನೆ ಎಂದರ್ಥವಂತೆ. ಯಾವ ಸೀಟಿನಿಂದ ಕರೆದರೋ ಆ ಸೀಟಿನ ಮೇಲಿನ ಚಾವಣಿಯಲ್ಲಿ ಒಂದು ನೀಲಿ ದೀಪ ಹತ್ತುತ್ತಿತ್ತು. ಮುಂದೆ ಏನಾದರೂ ಹೇಳುವಿರೇನೋ ಎಂದು ಸ್ವಲ್ಪ ಕಾದು, ಏನೂ ಹೇಳದಿದ್ದರೆ ಸಣ್ಣ ಸದ್ದು ಮಾಡಿ ಆರುತ್ತಿತ್ತು. ಚೀನಿ ಬಾರದವರೂ ತಮಗೆ ಬೇಕಾದ ಕರೆಯನ್ನು ಅದಕ್ಕೆ ಕಲಿಸಬಹುದಿತ್ತು. ಮೂರು ಸಲ ಹೇಳಿದರೆ ಆ ದನಿಯನ್ನೇ ಹಿಡಿದುಕೊಳ್ಳುತ್ತಿತ್ತು. ಇದನ್ನು ಪರೀಕ್ಷಿಸುವುದು ಫರ್ಹಾನನ ಕೆಲಸ.

"ಆಂಟಿ, ಏನಾದ್ರೂ ಹೇಳಿ. ದಿನಾ ಬಾಯಲ್ಲಿ ಬರೋ ಮಾತು. ಅಂಕಲ್‌ನ ಹೇಗೆ ಕರೀತೀರಾ?"

"ಕರೆಯೋದೇನಪ್ಪಾ, ಏನೂಂದ್ರೆ ಅಂತೀನಿ."

"ಸೂಪರ್. ಅದೇ ಹೇಳಿ, ಮೂರು ಸಲ."

ಅವಳು ನಾಚಿಕೊಂಡು, ಸೆರಗು ಸರಿ ಮಾಡಿಕೊಂಡು, ಚಾವಣಿ ನೋಡುತ್ತ ಮೂರು ಸಲ ಕರೆದಳು. ನಾಲ್ಕನೆಯ ಸಲ ಕರೆದಾಗ ತಲೆಯ ಮೇಲೆ ನೀಲಿ ದೀಪ ಹತ್ತಿತು. ವೊ ಝಾಯ್.

"ನೋಡ್ರೀ, ನೋಡಿ! ಒಂದೇ ಸಲಕ್ಕೆ ಓಗೊಡ್ತು. ನಿಮ್ಮನ್ನ ನಾಲ್ಕು ಸಲ ಕರೀಬೇಕು."

"ಅಂಕಲ್‌ಗೂ ಒಂದು ಅಪ್‌ಡೇಟ್ ಹಾಕೋಣ ಬಿಡಿ ಆಂಟಿ," ಎಂದ ಫರ್ಹಾನ್.

ಆಮೇಲೆ ಅದು ಅವಳಿಗೆ ಆಟವಾಯಿತು. ಸುತ್ತು ರಸ್ತೆಯಲ್ಲಿ ಹೋಗುವಾಗ ಸುಮ್ಮನೆ ಕರೆಯುವಳು. ಗಾಡಿಯೂ ನಾನೂ ಒಟ್ಟಿಗೆ ಓಗೊಡುವೆವು. "ಏನಿಲ್ಲ, ಇದೀರಾ ಅಂತ ನೋಡ್ದೆ" ಎಂದು ಇಬ್ಬರಿಗೂ ಹೇಳುವಳು.

ಮರುವರ್ಷ ಬೇಸಿಗೆಯಲ್ಲಿ ಅವಳಿಗೆ ಕಾಯಿಲೆಯಾಯಿತು. ಅದರ ವಿವರ ಇಲ್ಲಿ ಬೇಡ. ಆಸ್ಪತ್ರೆಯಲ್ಲಿ ಕೊನೆಯ ದಿನಗಳಲ್ಲಿ ಗಂಟಲಿಗೆ ನಳಿಕೆ ಹಾಕಿದ್ದರಿಂದ ಮಾತು ಇರಲಿಲ್ಲ. ಕಣ್ಣು ಬಿಟ್ಟು, ನಾನು ಇದ್ದೇನೆಂದು ನೋಡಿ, ಮುಚ್ಚುತ್ತಿದ್ದಳು. ಹಾಗೆಯೇ ಹೋದಳು. ಫರ್ಹಾನ್ ಮನೆಗೆ ಬಂದು, ಬಂದವರು ಕುಡಿದಿಟ್ಟ ಕಾಫಿ ಲೋಟಗಳನ್ನೆಲ್ಲ ತೊಳೆದಿಟ್ಟು ಹೋದ.

ಜನ ಹೋದ ಮೇಲೆ ಒಂದು ವಿಷಯ ಹೊಳೆಯಿತು. ಪುಟ್ಟಸ್ವಾಮಿ ಎಂದು, ಸ್ವಾಮಿ ಎಂದು, ಅಪ್ಪ, ಅಂಕಲ್ ಎಂದು ಕರೆಯಲು ಬೇಕಾದಷ್ಟು ಜನ ಇದ್ದರು. ಆದರೆ ಏನೂಂದ್ರೆ ಎಂಬ ನನ್ನ ನಿಜವಾದ ಹೆಸರಿನಿಂದ ಕರೆಯುತ್ತಿದ್ದವಳು ಒಬ್ಬಳೇ. ಇನ್ನು ಅದು ಯಾರ ಬಾಯಲ್ಲೂ ಬರುವಂತಿರಲಿಲ್ಲ.

ತಿಥಿ ಮುಗಿಸಿ ಕೆಲಸಕ್ಕೆ ಹೋದೆ. ಗಾಡಿ ತನ್ನ ಜಾಗದಲ್ಲಿ ನಿಂತಿತ್ತು. ಫರ್ಹಾನ್ ಅದರ ಟಚ್‌ಸ್ಕ್ರೀನ್ ಪರೀಕ್ಷಿಸುತ್ತಿದ್ದುದರಿಂದ ಹಗಲೆಲ್ಲ ಚಾಲೂ ಇರುತ್ತಿತ್ತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದರು. ನಾನು ಬುತ್ತಿ ಬಿಚ್ಚಿ ಅಲ್ಲೇ ಬೆಂಚಿನ ಮೇಲೆ ಕೂತೆ. ಮೇಲಿನ ಗಾಜಿನಿಂದ ಬಿಸಿಲು ನೇರ ನೆಲಕ್ಕೆ ಬೀಳುತ್ತಿತ್ತು. ಒಂದು ಸದ್ದಿಲ್ಲ.

"ವೊ ಝಾಯ್."

ತಲೆ ಎತ್ತಿದೆ. ಮೂರನೇ ಸಾಲಿನಲ್ಲಿ, ಎಡಗಡೆ, ನೀಲಿ ದೀಪ ಹತ್ತಿತ್ತು. ಅದು ಕಾಯಿತು. ನಾನೂ ಕಾದೆ. ಸಣ್ಣ ಸದ್ದು ಮಾಡಿ ಆರಿತು.

ಮಾರನೆಯ ದಿನ ಅದೇ ಆಯಿತು. ಮೂರನೆಯ ದಿನ ಫರ್ಹಾನನನ್ನು ಊಟಕ್ಕೆ ಬಿಡದೆ ಕೂರಿಸಿಕೊಂಡೆ. ಕಾರಣ ಹೇಳಲಿಲ್ಲ. ಅವನು ರೊಟ್ಟಿ ಮುರಿಯುತ್ತಿದ್ದಾಗ ಗಾಡಿ ಓಗೊಟ್ಟಿತು.

"ಏನೋ ಸೌಂಡ್‌ಗೆ ಟ್ರಿಗರ್ ಆಗಿದೆ ಅಂಕಲ್," ಎಂದ. ಎದ್ದು ಹೋಗಿ ಗಾಳಿಯ ಪಂಪು ಆರಿಸಿದ. ಫ್ಯಾನು ಆರಿಸಿದ. ಬಾಗಿಲು ಮುಚ್ಚಿದ. ಬಂದು ಕೂತ. ಬಹಳ ಹೊತ್ತು ಏನೂ ಇಲ್ಲ. ಅವನು ನನ್ನ ಕಡೆ ತಿರುಗಿ, ನೋಡಿದ್ರಾ, ಎಂಬಂತೆ ಹುಬ್ಬು ಹಾರಿಸಿದ. ಆಗಲೇ ಬಂತು. ವೊ ಝಾಯ್. ದೀಪ, ಅದೇ ಸೀಟು. ಫರ್ಹಾನ್ ಕೈಯಲ್ಲಿದ್ದ ರೊಟ್ಟಿಯನ್ನು ಡಬ್ಬಿಗೆ ಹಾಕಿ ಮುಚ್ಚಿದ.

"ಫರ್ಹಾನ್, ಅವಳ ದನಿ ಅದರೊಳಗೆ ಇದ್ಯಾ? ನನಗೆ ಒಂದು ಸಲ ಕೇಳಿಸ್ತೀಯಾ?"

"ಇಲ್ಲ ಅಂಕಲ್." ಅವನು ಬಹಳ ಮೆತ್ತಗೆ ಹೇಳಿದ. "ರೆಕಾರ್ಡಿಂಗ್ ಇಟ್ಕೊಳ್ಳಲ್ಲ ಅದು. ಮುಂದೆ ಯಾರಾದ್ರೂ ಕರೆದ್ರೆ ಆಂಟಿನೇ ಹೌದಾ ಅಂತ ಹೋಲಿಸಿ ನೋಡೋಕೆ ಒಂದು ಗುರುತು ಮಾತ್ರ ಇರುತ್ತೆ. ಪ್ಲೇ ಮಾಡೋಕೆ ಏನೂ ಇಲ್ಲ."

ಅಂದರೆ ಆ ಗಾಡಿಯೊಳಗೆ ಪದ್ಮಳ ದನಿ ಇರಲಿಲ್ಲ. ಪದ್ಮಳ ದನಿಗೆ ಕಾಯುವ ಒಂದು ಕಿವಿ ಇತ್ತು. ಆ ಕಿವಿಗೆ ಏನೋ ಕೇಳಿಸುತ್ತಿತ್ತು. ನನಗೆ ಕೇಳಿಸುತ್ತಿರಲಿಲ್ಲ.

ಚೈತ್ರಳಿಗೆ ಫೋನಿನಲ್ಲಿ ಹೇಳಿದೆ. ಅಪ್ಪನಿಗೆ ತಲೆ ಕೆಟ್ಟಿತು ಎಂದುಕೊಂಡಾಳು ಎಂಬ ಅಂಜಿಕೆಯಿತ್ತು. ಅವಳು ರಜೆ ಹಾಕಿ, ಅಟ್ಲಾಂಟಾ ಕಡೆಯಿಂದ ಡ್ರೈವ್ ಮಾಡಿಕೊಂಡು ಬಂದಳು. ಅವಳ ದನಿ ಅಮ್ಮನದೇ. ಫೋನಿನಲ್ಲಿ ನಾನೇ ಎಷ್ಟೋ ಸಲ ಮೋಸಹೋಗಿದ್ದೇನೆ. ಕ್ಯಾರಲ್‌ಳ ಅನುಮತಿ ಕೇಳಿ ಅವಳನ್ನು ಗಾಡಿಯ ಮೂರನೇ ಸಾಲಿನಲ್ಲಿ ಕೂರಿಸಿದೆ.

"ಕರಿ," ಎಂದೆ.

"ಅಪ್ಪಾ, ಅದು ಅಮ್ಮ ಕರೆಯೋದು. ನಾನು ಹೇಗೆ..."

"ಒಂದೇ ಒಂದು ಸಲ."

ಕರೆದಳು. ಕೊನೆಯ ಅಕ್ಷರವನ್ನು ಅಮ್ಮನ ಹಾಗೆಯೇ ಎಳೆದಳು. ನಾನು ಅರಿವಿಲ್ಲದೆ ಏನು ಎಂದುಬಿಟ್ಟೆ. ಗಾಡಿ ಮಾತ್ರ ಸುಮ್ಮನಿತ್ತು. ಮತ್ತೆ ಕರೆದಳು. ದೀಪ ಹತ್ತಲಿಲ್ಲ.

"ಅದಕ್ಕೆ ಗೊತ್ತಾಗುತ್ತೆ ಅಪ್ಪ," ಎಂದು ಇಳಿದು ಬಂದು ನನ್ನ ಭುಜಕ್ಕೆ ಹಣೆ ಇಟ್ಟಳು. "ಅಮ್ಮ ಅಲ್ಲ ಅಂತ ಗೊತ್ತಾಗುತ್ತೆ."

ನಾವು ಹಾಗೆ ನಿಂತಿದ್ದಾಗ, ನಮ್ಮ ಬೆನ್ನ ಹಿಂದೆ, ಖಾಲಿ ಗಾಡಿ ಓಗೊಟ್ಟಿತು.

ಇದರ ನಡುವೆ ನಮ್ಮ ಕೆಲಸದ ರೀತಿಯೇ ಬದಲಾಗುತ್ತಿತ್ತು. ಮೊದಲು ಪ್ರತಿ ಭಾಗವನ್ನೂ ಕೈಯಲ್ಲಿ ಅಳೆಯುತ್ತಿದ್ದೆವು. ಈಗ ಬೆಳಕು ಬೀರುವ ಯಂತ್ರ ಹಿಡಿದು ಒಂದು ಸುತ್ತು ಹಾಕಿದರೆ ಇಡೀ ಗಾಡಿ ಪರದೆಯ ಮೇಲೆ ಬರುತ್ತಿತ್ತು. ಚೀನಿ ಗಾಡಿಗಳಲ್ಲಿ ಸ್ಕ್ರೂ ಕಡಿಮೆಯಾಗಿ ಅಂಟು ಹೆಚ್ಚಾಯಿತು. ಬಿಚ್ಚುವುದು ಹೋಗಿ ಕತ್ತರಿಸುವುದು ಬಂತು. ಹೊಸಬರಿಗೆ ಇದೇ ಸಲೀಸು. ನನಗೆ ಕತ್ತರಿಸುವಾಗ ಹಲ್ಲು ಕಚ್ಚುವಂತಾಗುತ್ತಿತ್ತು. ನಿವೃತ್ತಿಯ ಅರ್ಜಿ ಕೊಟ್ಟೆ.

ಅದೇ ತಿಂಗಳು ಕ್ಯಾರಲ್ ನನ್ನನ್ನು ಕರೆದು ಹೇಳಿದಳು. ಸಂಸಾರದ ಗಾಡಿಯ ಅನುಮತಿ ಮುಗಿಯುತ್ತಿದೆ. ಬಿಚ್ಚಬೇಕು.

"ಒಳಗಿನ ಕೆಲಸ ನಿನ್ನದು, ಸ್ವಾಮಿ. ಆದರೆ ನೀನು ಬೇಡ ಎಂದರೆ ಬೇರೆಯವರಿಗೆ ಕೊಡುತ್ತೇನೆ. ಯಾರೂ ತಪ್ಪು ತಿಳಿಯುವುದಿಲ್ಲ."

ಅವಳಿಗೂ ಗೊತ್ತಿತ್ತು. ಮಧ್ಯಾಹ್ನದ ಹೊತ್ತು ಶೆಡ್ಡಿನಲ್ಲಿ ಯಾರೂ ಆ ಗಾಡಿಯ ಹತ್ತಿರ ಕೂರುತ್ತಿರಲಿಲ್ಲ. ನಾನು ಒಂದು ರಾತ್ರಿ ಯೋಚಿಸಿದೆ. ಉಳಿಸಿಕೊಳ್ಳುವಂತಿಲ್ಲ. ದನಿ ಕೇಳಿಸಿಕೊಳ್ಳುವ ಆ ಒಂದು ಭಾಗವನ್ನಾದರೂ ತಂದುಬಿಡಿ ಎಂದು ಚೈತ್ರ ಹೇಳಿದ್ದಳು. ಆದರೆ ಗಾಡಿಯಿಂದ ಕಿತ್ತ ಕಿವಿ ಯಾರಿಗೆ ಕೇಳಿ ಯಾರಿಗೆ ಓಗೊಡುತ್ತದೆ? ನನ್ನ ಚಿಂತೆ ಒಂದೇ ಆಗಿತ್ತು. ತಂತಿ ತೆಗೆದಾಗ ಒಳಗೆ ಯಾರಾದರೂ ಇದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ಕೂಗದೆ ತೆಗೆಯುವವರು, ಕೂಗಿದರೂ ಕಾಯದವರು ಇರುತ್ತಾರೆ. ಬೇರೆಯವರ ಕೈಗೆ ಕೊಡಲು ಮನಸ್ಸು ಬರಲಿಲ್ಲ. ನಾನೇ ಮಾಡುತ್ತೇನೆ ಎಂದೆ.

ಅವತ್ತು ಬೆಳಿಗ್ಗೆ ಎಲ್ಲ ಬಾಗಿಲು ತೆರೆದೆವು. ಸೀಟುಗಳನ್ನು ಮುಂದಕ್ಕೆ ಸರಿಸಿ ಬೋಲ್ಟು ಕಾಣುವ ಹಾಗೆ ಮಾಡಿದೆ. ಮೂರನೇ ಸಾಲಿನ ಪಕ್ಕದ ಗೂಡಿನಲ್ಲಿ ಒಂದು ನಿಂಬೆಹಣ್ಣು ಸಿಕ್ಕಿತು. ಒಣಗಿ, ಕಪ್ಪಗಾಗಿ, ಅಡಿಕೆಯ ಹಾಗೆ ಗಟ್ಟಿಯಾಗಿತ್ತು. ಮೂಗಿಗೆ ಹಿಡಿದರೆ ವಾಸನೆ ಇನ್ನೂ ಇತ್ತು. ಜೇಬಿಗೆ ಹಾಕಿಕೊಂಡೆ. ಕ್ಯಾರಲ್ ನೋಡಿದಳು, ನೋಡದವಳಂತೆ ತಿರುಗಿದಳು.

ಸ್ಪ್ಯಾನರ್ ಹಿಡಿದು ಬ್ಯಾಟರಿಯ ಹತ್ತಿರ ನಿಂತೆ. ನಾನು ಕೂಗಬೇಕಿತ್ತು, ತಡಮಾಡಿದೆ. ಕ್ಯಾರಲ್ ತಾನೇ ಕೂಗಿದಳು, ದಿನವೂ ಕೂಗುವ ಹಾಗೆ, ಗಟ್ಟಿಯಾಗಿ: ಒಳಗೆ ಯಾರಾದರೂ ಇದ್ದೀರಾ?

"ವೊ ಝಾಯ್."

ನೀಲಿ ದೀಪ. ಎಡಗಡೆ.

ಫರ್ಹಾನ್ ತುಟಿ ಅಲ್ಲಾಡಿಸುತ್ತ ಏನೋ ಹೇಳಿಕೊಳ್ಳುತ್ತಿದ್ದ. ನಾನು ಕ್ಯಾರಲ್‌ಳ ಮುಖ ನೋಡಿದೆ. ಇದು ಯಂತ್ರ, ತೆಗಿ ಎನ್ನಬಹುದಿತ್ತು ಅವಳು. ಕಾಗದದ ಪ್ರಕಾರ ಅದೇ ಸರಿ.

"ಉತ್ತರ ಬಂತು," ಎಂದಳು ಕ್ಯಾರಲ್. "ನಿಯಮ ನಿನಗೆ ಗೊತ್ತು. ಸ್ಪ್ಯಾನರ್ ಕೆಳಗಿಡು." ಆಮೇಲೆ ಎಲ್ಲರನ್ನೂ ಕೈಬೀಸಿ ಹೊರಗೆ ಕಳಿಸಿದಳು. ಹೋಗುವಾಗ ನನ್ನ ತೋಳು ಮುಟ್ಟಿ, "ನಿನಗೆ ಬೇಕಾದಷ್ಟು ಹೊತ್ತು ತಗೋ" ಎಂದಳು.

ನಾನು ಗಾಡಿಯ ಬದಿಗೆ ಹೋದೆ. ಮೆಟ್ಟಿಲ ಹತ್ತಿರ ನಿಂತು, ಯಾವತ್ತೂ ನಿಲ್ಲುತ್ತಿದ್ದ ಹಾಗೆ, ಕೈ ಚಾಚಿದೆ.

"ಪದ್ಮಾ, ಬಂತು. ಇಳೀತೀಯಾ?"

ಇರಿ, ಸ್ವಲ್ಪ ಇರಿ ಎನ್ನುವ ಹೊತ್ತು ಅದು. ನಾನು ಅವಸರ ಮಾಡಲಿಲ್ಲ. ಬಿಸಿಲು ನೆಲದ ಬಿಳಿ ಗೆರೆಗಳ ಮೇಲೆ ನಿಧಾನವಾಗಿ ಸರಿಯಿತು. ತೋಳು ನೋಯತೊಡಗಿತು. ಎಷ್ಟು ಹೊತ್ತು ನಿಂತೆನೋ ತಿಳಿಯದು. ಒಂದು ಹಂತದಲ್ಲಿ ಗಾಡಿ ತುಸು, ತೀರ ತುಸು, ಅಲುಗಿತು. ಒಳಗಿದ್ದವರು ಎದ್ದರೆ ಸ್ಪ್ರಿಂಗು ಹಗುರಾಗಿ ಏಳುತ್ತದಲ್ಲ, ಹಾಗೆ. ನನ್ನ ಅಂಗೈ ತಣ್ಣಗಾಯಿತು.

ಕೈಯನ್ನು ಹಾಗೆಯೇ ಹಿಡಿದುಕೊಂಡು, ಅವಳ ನಡಿಗೆಯ ವೇಗದಲ್ಲಿ, ಬೆಂಚಿನ ತನಕ ನಡೆದೆ. ಅಲ್ಲಿ ಕೈ ಬಿಟ್ಟೆ. ತಿರುಗಿ ಬಂದು, ಗಾಡಿಯೊಳಗೆ ತಲೆ ಹಾಕಿ, ಈ ಸಲ ನಾನೇ ಕೂಗಿದೆ.

ಒಳಗೆ ಯಾರಾದರೂ ಇದ್ದೀರಾ?

ಕಾದೆ. ಬೇಕಾದ್ದಕ್ಕಿಂತ ಹೆಚ್ಚೇ ಕಾದೆ. ದೀಪ ಹತ್ತಲಿಲ್ಲ. ತಂತಿ ತೆಗೆದೆ.

ಆ ಗಾಡಿಯನ್ನು ನಾನು ಕತ್ತರಿಸಲು ಬಿಡಲಿಲ್ಲ. ಒಂದೊಂದೇ ಕ್ಲಿಪ್ಪು, ಪಟ್ ಎನ್ನುವ ಹಾಗೆ ಬಿಚ್ಚಿದೆ. ಒಂದೂ ಮುರಿಯಲಿಲ್ಲ. ಅದು ನನ್ನ ಕೊನೆಯ ಗಾಡಿ.

ಫರ್ಹಾನ್ ಮ್ಯಾನ್ಯುಯಲ್‌ನಲ್ಲಿ ಇಲ್ಲದ್ದು ಎಂದದ್ದು ಇದನ್ನೇ. ಅದು ಏನಾಗಿತ್ತು ಎಂದು ಅವನು ಇನ್ನೂ ಹುಡುಕುತ್ತಿದ್ದಾನೆ. ನಾನು ಹುಡುಕುವುದಿಲ್ಲ. ಹೊಸದಾಗಿ ಸೇರುವವರಿಗೆ ನಾನು ಹೇಳುವುದು ಒಂದೇ. ಕೂಗಿದ ಮೇಲೆ ಕಾಯಿರಿ. ಉತ್ತರ ಬಂದರೆ, ಇಳಿಯಲು ಹೊತ್ತು ಕೊಡಿ.

ತಂತಿ ತೆಗೆದ ದಿನ ಸಂಜೆ ಮನೆಗೆ ಹೊರಟಾಗ ನನ್ನ ಕಾರಿನ ಹಿಂದಿನ ಎಡಬಾಗಿಲನ್ನು ಮೊದಲು ತೆರೆದೆ. ಜೇಬಿನ ನಿಂಬೆಹಣ್ಣನ್ನು ಅಲ್ಲಿನ ಗೂಡಿನಲ್ಲಿ ಇಟ್ಟು, ಸ್ವಲ್ಪ ಹೊತ್ತು ನಿಂತು, ಬಾಗಿಲು ಮುಚ್ಚಿದೆ. ದಾರಿಯಲ್ಲಿ ಯಾರೂ ಕರೆಯಲಿಲ್ಲ. ಆದರೂ ನಾಲ್ಕು ಸಲ ಕರೆಸಿಕೊಳ್ಳುವುದು ಬೇಡ ಎಂದು, ನಾನೇ ಮೊದಲು ಹೇಳಿದೆ.

"ಇದೀನಿ."